ನೋವಿಗೂ ಭಯಕ್ಕೂ ಒಂದೇ ಬಾಗಿಲು

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಯಾವುದೇ ಔಷಧಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ‘ನರದ ಗುಳಿಗಿ’ ಕೇಳಿಕೊಂಡು ಬರುವವರು ಸಿಗುತ್ತಾರೆ. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರು, ವರ್ಷಗಟ್ಟಲೆ ಫರ್ಸಿ ಕಲ್ಲು ಎತ್ತಿ ಸೊಂಟದಿಂದ ಹಿಮ್ಮಡಿಯ ತನಕ ಸೆಳೆತ ಹತ್ತಿಸಿಕೊಂಡವರು, ಸರ್ಪಸುತ್ತಿನ ಗುಳ್ಳೆ ಮಾಯ್ದರೂ ಉರಿ ಮಾಯದವರು. ಅವರ ಕೈಗೆ ಬರುವ ಗುಳಿಗೆಯಲ್ಲಿ ಬಹಳ ಸಲ ಇರುವುದು ಪ್ರೆಗಬಾಲಿನ್ ಅಥವಾ ಗ್ಯಾಬಪೆಂಟಿನ್, ಜೊತೆಗೆ ಬಿ12 ಜೀವಸತ್ವದ ಒಂದು ರೂಪ.

ಅಂಥದೇ ಒಂದು ಮನೆಯ ಮಗಳೊಬ್ಬಳು ಗರ್ಭಕೋಶದ ಆಪರೇಷನ್ನಿಗೆಂದು ಕಲಬುರಗಿಯ ಆಸ್ಪತ್ರೆ ಸೇರುತ್ತಾಳೆ. ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಒಂದು ಗುಳಿಗೆ ಕೊಟ್ಟು, ಒಂದೇ ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. “ಇದು ನಮ್ಮವ್ವ ಕಾಲುರಿಗಿ ತಗೊಳ್ಳೂ ಗುಳಿಗಿ ಅಲ್ಲೇನ್ರೀ ಸಿಸ್ಟರ್? ನನಗ್ಯಾಕ ಇದು?” ಎಂದು ಆಕೆ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ ಮಾತಿನದು: ನೋವು ಕಡಿಮೆ ಆಗಲಿ, ಅಂಜಿಕೆ ಹೋಗಲಿ ಅಂತ.

ಆ ಎರಡು ಮಾತಿನಲ್ಲಿ ಒಂದು ನಿಜವಾದ ಒಗಟಿದೆ. ಹಲ್ಲು ನೋವಿಗೆ ಈ ಗುಳಿಗೆ ನುಂಗಿದರೆ ಏನೂ ಆಗುವುದಿಲ್ಲ. ಮುಳ್ಳು ಚುಚ್ಚಿದರೆ, ಕೈ ಸುಟ್ಟರೆ, ಕಲ್ಲು ಕಾಲ ಮೇಲೆ ಬಿದ್ದರೆ ಅದು ಕೆಲಸಕ್ಕೆ ಬಾರದು. ಚಾಕುವಿನ ಗಾಯ ಮುಳ್ಳಿನ ಗಾಯಕ್ಕಿಂತ ದೊಡ್ಡದಲ್ಲವೇ? ಮುಳ್ಳಿನ ನೋವನ್ನೇ ತಡೆಯದ ಗುಳಿಗೆ ಚಾಕುವಿನ ನೋವಿಗೆ ಹೇಗೆ? ಇನ್ನು ಭಯಕ್ಕೂ ಅಂಗಾಲಿನ ಉರಿಗೂ ಏನು ಸಂಬಂಧ?

ಸಂದೇಶ ಗಾಡಿ ಬದಲಿಸುವ ಜಾಗ

ಈ ಭಾಗದವರಿಗೆ ವಾಡಿ ಜಂಕ್ಷನ್ ಹೊಸದಲ್ಲ. ಮುಂಬಯಿ–ಚೆನ್ನೈ ದಾರಿಯಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವುದು ಇಲ್ಲೇ. ನಿಜಾಮರ ಕಾಲದಲ್ಲಿ, 1874ರಲ್ಲಿ ಆ ಕವಲು ದಾರಿ ತೆರೆಯಿತು. ರಾಯಚೂರಿನಿಂದ ಬಂದು ಚಿತ್ತಾಪುರಕ್ಕೋ ಸೇಡಮ್ಮಿಗೋ ಹೋಗಬೇಕಾದವರು ವಾಡಿಯಲ್ಲಿ ಇಳಿದು ಗಾಡಿ ಬದಲಿಸುತ್ತಾರೆ. ಎರಡು ಗಾಡಿಗಳ ನಡುವೆ ಪ್ಲಾಟ್‌ಫಾರ್ಮ್ ಇದೆ. ಪ್ರಯಾಣಿಕ ಅದನ್ನು ತಾನೇ ದಾಟಬೇಕು.

ನೋವಿನ ಸಂದೇಶಕ್ಕೂ ಇಂಥ ಒಂದು ವಾಡಿ ಇದೆ, ನಮ್ಮ ಬೆನ್ನುಹುರಿಯ ಹಿಂಭಾಗದಲ್ಲಿ. ಪಾದದಲ್ಲಿ ಮುಳ್ಳು ಚುಚ್ಚಿದಾಗ ಹೊರಟ ವಿದ್ಯುತ್ ಮಿಡಿತ ಮಿದುಳಿನ ತನಕ ಒಂದೇ ನರದಲ್ಲಿ ಓಡುವುದಿಲ್ಲ. ಮೊದಲ ನರ ಬೆನ್ನುಹುರಿಗೆ ಬಂದು ಮುಗಿಯುತ್ತದೆ. ಎರಡನೆಯ ನರ ಅಲ್ಲಿಂದ ಮೇಲಕ್ಕೆ ಹೊರಡುತ್ತದೆ. ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು. ವಿದ್ಯುತ್ತು ಆ ಸಂದನ್ನು ಹಾರಲಾರದು. ಮೊದಲ ನರದ ತುದಿ ರಾಸಾಯನಿಕವೊಂದನ್ನು ಸಂದಿಗೆ ಸುರಿಯುತ್ತದೆ, ಅದು ಎರಡನೆಯ ನರವನ್ನು ತಟ್ಟುತ್ತದೆ, ಅಲ್ಲಿ ಮತ್ತೆ ಮಿಡಿತ ಹುಟ್ಟುತ್ತದೆ. ಈ ಗಾಡಿ ಬದಲಾವಣೆ ನಡೆಯದಿದ್ದರೆ ಪಾದದಲ್ಲಿ ಏನೇ ಆದರೂ ಮಿದುಳಿಗೆ ಸುದ್ದಿಯಿಲ್ಲ.

ಆಪರೇಷನ್ನಿನ ಹೊತ್ತಿನಲ್ಲಿ ನೋವು ತಡೆಯಲು ವೈದ್ಯರು ಹಲವು ಕಡೆ ಕೈಹಾಕುತ್ತಾರೆ. ಬೆನ್ನಿಗೆ ಕೊಡುವ ಸೂಜಿಮದ್ದು ಮೊದಲ ಗಾಡಿಯನ್ನು ದಾರಿಯಲ್ಲೇ ನಿಲ್ಲಿಸುತ್ತದೆ. ಹೀಗಾಗಿ ಹೊಟ್ಟೆ ಕೊಯ್ದರೂ ಹೆರಿಗೆಯ ತಾಯಿ ಎಚ್ಚರವಾಗಿ ಮಾತಾಡುತ್ತಿರುತ್ತಾಳೆ. ಪೂರ್ಣ ಅರಿವಳಿಕೆ ಕೊನೆಯ ನಿಲ್ದಾಣವಾದ ಮಿದುಳನ್ನೇ ಮಲಗಿಸುತ್ತದೆ. ನಮ್ಮ ನರದ ಗುಳಿಗೆ ಈ ಎರಡನ್ನೂ ಮಾಡುವುದಿಲ್ಲ. ಅದರ ಕೆಲಸವೆಲ್ಲ ಜಂಕ್ಷನ್ನಿನಲ್ಲಿ.

ಸುಣ್ಣದ ಬಾಗಿಲು

ಮೊದಲ ನರದ ತುದಿಗೆ “ಈಗ ರಾಸಾಯನಿಕ ಸುರಿ” ಎಂದು ಹೇಳುವವರು ಯಾರು? ಕ್ಯಾಲ್ಸಿಯಂ.

ಶಹಾಬಾದಿನ ಹಾಸುಗಲ್ಲು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಉಣಿಸುವ ಕಲ್ಲು, ಎಲ್ಲವೂ ಸುಣ್ಣದ ಕಲ್ಲು. ಅದರ ಜೀವಾಳ ಕ್ಯಾಲ್ಸಿಯಂ. ಈ ನಾಲ್ಕಾರು ತಾಲ್ಲೂಕುಗಳ ನೆಲದಡಿ ಹಾಸಿಕೊಂಡ ಅದೇ ಧಾತು ನಮ್ಮ ರಕ್ತದಲ್ಲಿ, ನರಗಳ ಸುತ್ತಲಿನ ನೀರಿನಲ್ಲಿ ಕರಗಿ ಓಡಾಡುತ್ತಿದೆ. ನರಕೋಶ ಅದನ್ನು ಒಳಗೆ ಬಿಟ್ಟುಕೊಳ್ಳದೆ ಹೊರಗೇ ಇಟ್ಟಿರುತ್ತದೆ. ಹೊರಗಿನ ನೀರಿನಲ್ಲಿರುವ ಕ್ಯಾಲ್ಸಿಯಂ, ಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಹಾಗಾಗಿ ನರದ ತುದಿಯಲ್ಲಿ ಬಾಗಿಲು ತೆರೆದರೆ ಸಾಕು, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ನುಗ್ಗಿದ ಕ್ಷಣ ರಾಸಾಯನಿಕದ ಚೀಲಗಳು ಒಡೆದು ಸಂದಿಗೆ ಸುರಿಯುತ್ತವೆ. ಎಷ್ಟು ಬಾಗಿಲೋ ಅಷ್ಟು ಕ್ಯಾಲ್ಸಿಯಂ, ಎಷ್ಟು ಕ್ಯಾಲ್ಸಿಯಂ ಬಂತೋ ಅಷ್ಟು ದೊಡ್ಡ ಸಂದೇಶ.

ಈ ಬಾಗಿಲುಗಳು ಹುಟ್ಟುವುದು ನರದ ತುದಿಯಲ್ಲಲ್ಲ, ದೂರದ ಕೋಶದೇಹದಲ್ಲಿ. ಅಲ್ಲಿಂದ ಅವನ್ನು ಹೊತ್ತು ತಂದು ಪ್ಲಾಟ್‌ಫಾರ್ಮಿನ ಅಂಚಿಗೆ ಕೂಡಿಸಲು ಒಂದು ಪ್ರೋಟೀನು ಬೇಕು. ಅದು ಜಂಕ್ಷನ್ನಿನ ಹಮಾಲಿ. ವಿಜ್ಞಾನಿಗಳು ಇಟ್ಟ ಹೆಸರು ಆಲ್ಫಾ-2-ಡೆಲ್ಟಾ. ನಾವು ಇಲ್ಲಿ ‘ಬಾಗಿಲು ಹೊರುವ ಪ್ರೋಟೀನು’ ಎನ್ನೋಣ.

ನರಕ್ಕೆ ಪೆಟ್ಟು ಬಿದ್ದಾಗ ಈ ಹಮಾಲಿಗಳ ಸಂಖ್ಯೆ ಏರುತ್ತದೆ. ಬಾಗಿಲುಗಳು ಹೆಚ್ಚುತ್ತವೆ. ಮೊದಲು ಒಬ್ಬ ಪ್ರಯಾಣಿಕ ದಾಟುತ್ತಿದ್ದ ಕಡೆ ಗುಂಪೇ ದಾಟುತ್ತದೆ. ಕೆಳಗಿನಿಂದ ಬಂದದ್ದು ಹಾಸಿಗೆಯ ಚಾದರ ಸೋಕಿದ ಸಣ್ಣ ಸಂದೇಶ. ಮೇಲೆ ಹೋಗುವಾಗ ಅದು ಬೆಂಕಿ ಮುಟ್ಟಿದ ಸಂದೇಶ. ಅಂಗಾಲಿನ ಉರಿ ಎಂದರೆ ಹೆಚ್ಚಾಗಿ ಇದು. ಪಾದದಲ್ಲಿ ಬೆಂಕಿಯಿಲ್ಲ, ಜಂಕ್ಷನ್ನಿನಲ್ಲಿ ನೂಕುನುಗ್ಗಲು.

ಪ್ರೆಗಬಾಲಿನ್, ಗ್ಯಾಬಪೆಂಟಿನ್ ಎರಡೂ ಈ ಹಮಾಲಿಗೆ ಅಂಟಿಕೊಂಡು ಅದರ ಕೈ ಕಟ್ಟುತ್ತವೆ. ಹೆಚ್ಚುವರಿ ಬಾಗಿಲು ಬಂದು ಕೂರುವುದು ತಗ್ಗುತ್ತದೆ. ಮೊದಲಿನಿಂದ ಇದ್ದ ಬಾಗಿಲುಗಳು ಇದ್ದ ಹಾಗೇ ಇರುತ್ತವೆ. ಮುಳ್ಳು ಚುಚ್ಚಿದ್ದು ಎಂದಿನಂತೆ ಗೊತ್ತಾಗುವುದು ಇದರಿಂದಲೇ. ಕಾಲುರಿಗೆ ಗುಳಿಗೆ ಶುರು ಮಾಡಿದವರಿಗೆ ಮೊದಲ ದಿನವೇ ಪೂರ್ತಿ ಆರಾಮ ಸಿಗದೆ ದಿನಗಳು ಹಿಡಿಯುವುದಕ್ಕೂ ಇದೊಂದು ಕಾರಣ.

ಈ ಗುಳಿಗೆ ರೂಪಿಸಿದವರು ಈ ಹಮಾಲಿಯನ್ನು ಹುಡುಕಿ ಹೊರಟವರಲ್ಲ. ಮಿದುಳಿನಲ್ಲಿ ಉದ್ವೇಗ ತಗ್ಗಿಸುವ ಗ್ಯಾಬಾ ಎಂಬ ಸಹಜ ರಾಸಾಯನಿಕವಿದೆ. ಅದನ್ನು ಹೋಲುವ ಅಣು ಮಾಡಿದರೆ ಮೂರ್ಛೆರೋಗ ನಿಂತೀತು ಎಂದು 1970ರ ದಶಕದಲ್ಲಿ ಜರ್ಮನಿಯಲ್ಲಿ ಗ್ಯಾಬಪೆಂಟಿನ್ ರೂಪಿಸಿದರು. 1993ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆ ಒಪ್ಪಿಗೆಯೂ ಸಿಕ್ಕಿತು. ಆದರೆ ಅದು ಗ್ಯಾಬಾ ಕೂರುವ ಜಾಗದಲ್ಲಿ ಕೂರುವುದೇ ಇಲ್ಲ. ನಿಜವಾಗಿ ಎಲ್ಲಿ ಕೂರುತ್ತದೆ ಎಂಬುದು 1996ರಲ್ಲಿ, ಹಂದಿಯ ಮಿದುಳಿನಿಂದ ಆ ಪ್ರೋಟೀನನ್ನು ಬೇರ್ಪಡಿಸಿದಾಗ ತಿಳಿಯಿತು.

ಇಲಿಗಳು ಕೊಟ್ಟ ಸಾಕ್ಷ್ಯ

ಗುಳಿಗೆ ಹಮಾಲಿಗೆ ಅಂಟುತ್ತದೆ, ಸರಿ. ನೋವು ತಗ್ಗಿದ್ದು ಅದರಿಂದಲೇ ಎಂದು ಹೇಗೆ ಹೇಳುವುದು? ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ನನಗೆ ಬಹಳ ಮೆಚ್ಚಿನದು. 2006ರಲ್ಲಿ ಪ್ರಕಟವಾಯಿತು. ಆ ಪ್ರೋಟೀನು ನೂರಾರು ಅಮೈನೋ ಆಮ್ಲಗಳ ಸರಪಣಿ. ಅದರಲ್ಲಿ 217ನೆಯದೊಂದನ್ನು ಮಾತ್ರ ಬದಲಿಸಿದ ಇಲಿಗಳನ್ನು ಬೆಳೆಸಿದರು. ಈ ಇಲಿಗಳಿಗೆ ನೋವು ಬೇರೆ ಇಲಿಗಳಂತೆಯೇ ಆಗುತ್ತಿತ್ತು. ಆದರೆ ಪ್ರೆಗಬಾಲಿನ್ ಕೊಟ್ಟರೆ ನೋವು ತಗ್ಗಲಿಲ್ಲ. ಮಾರ್ಫಿನ್ ಕೊಟ್ಟರೆ ತಗ್ಗಿತು. ಒಂದೇ ಒಂದು ಜಾಗ ಕೆಡಿಸಿದ್ದಕ್ಕೆ ಗುಳಿಗೆಗೆ ಹಿಡಿತವೇ ಸಿಗಲಿಲ್ಲ.

2011ರಲ್ಲಿ ಅದೇ ಬಗೆಯ ಇಲಿಗಳ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಈ ಸಲ ನೋಡಿದ್ದು ಭಯ. ಬಾಯಾರಿದ ಇಲಿ ನೀರು ಕುಡಿಯಲು ಹೋದರೆ ಸಣ್ಣ ಷಾಕ್ ತಗಲುತ್ತದೆ. ಅಂಜಿದ ಇಲಿ ನೀರಿನ ಹತ್ತಿರ ಸುಳಿಯುವುದಿಲ್ಲ. ಪ್ರೆಗಬಾಲಿನ್ ಕೊಟ್ಟ ಮಾಮೂಲಿ ಇಲಿಗಳು ಧೈರ್ಯ ಮಾಡಿ ಕುಡಿದವು. ಆ ಒಂದು ಜಾಗ ಬದಲಾದ ಇಲಿಗಳಿಗೆ ಗುಳಿಗೆಯಿಂದ ಧೈರ್ಯ ಬರಲಿಲ್ಲ.

ನಮ್ಮ ಒಗಟಿನ ಅರ್ಧ ಉತ್ತರ ಇಲ್ಲಿದೆ. ಬೆನ್ನುಹುರಿಯಲ್ಲಿ ನೋವಿನ ಸಂದೇಶ ದಾಟಿಸುವ ಬಾಗಿಲನ್ನು ಹೊರುವ ಪ್ರೋಟೀನೇ ಮಿದುಳಿನಲ್ಲಿ ಭಯದ ಸಂದೇಶ ದಾಟುವ ಕಡೆಯೂ ಕೆಲಸ ಮಾಡುತ್ತದೆ. ಯೂರೋಪಿನಲ್ಲಿ 2006ರಿಂದ ಪ್ರೆಗಬಾಲಿನ್ ಆತಂಕದ ಕಾಯಿಲೆಗೂ ಒಪ್ಪಿಗೆ ಪಡೆದ ಔಷಧಿ.

ಭಯ ಮೈಯೊಳಗಿನ ವಸ್ತು

ಆಪರೇಷನ್ನಿನ ಭಯವನ್ನು ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕುವವರು ಇನ್ನೂ ಇದ್ದಾರೆ. “ಏನಾಗಲ್ಲ, ಸುಮ್ನ ಮಲಕೋ” ಎಂದು ಗದರುವುದೂ ಉಂಟು. ಆದರೆ ಭಯ ಜೀವ ತೆಗೆಯಬಲ್ಲದು ಎಂಬುದನ್ನು ಅರಿವಳಿಕೆಯ ಚರಿತ್ರೆ ಬಹಳ ಮೊದಲೇ ತೋರಿಸಿದೆ. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಈ ತಾಲ್ಲೂಕುಗಳೆಲ್ಲ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿಯೇ.

1848ರ ಜನವರಿಯಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲುಗುರು ತೆಗೆಯುವ ಸಣ್ಣ ಆಪರೇಷನ್ನಿಗೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಕೆ ಬಹಳ ಹೆದರಿದ್ದಳು. ಮುಂದೆ ಇಂಥ ಸಾವುಗಳು ಹೆಚ್ಚಿದಾಗ ವೈದ್ಯಲೋಕ ಎರಡು ಪಾಳಯವಾಯಿತು: ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನೋ ಹೃದಯವನ್ನೋ? ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಉಸಿರೇ ಎಂದು ಹಟ ಹಿಡಿದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹಣ ಕೊಟ್ಟು 1888ರಲ್ಲಿ, ಮತ್ತೆ 1889ರಲ್ಲಿ, ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ಆಗ ಮುಂಬಯಿಯಿಂದ ಹೈದರಾಬಾದಿಗೆ ರೈಲು ದಾರಿ ವಾಡಿಯ ಮೇಲೆಯೇ ಇತ್ತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಆಯೋಗ ಲಾರಿಯವರ ಪರ ತೀರ್ಪು ಕೊಟ್ಟಿತು.

ಆ ತೀರ್ಪು ಪೂರ್ತಿ ಸರಿಯಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ: ಕ್ಲೋರೋಫಾರ್ಮ್ ಕಡಿಮೆ ಇದ್ದು ಮೈಯಲ್ಲಿ ಅಡ್ರಿನಲಿನ್ ಹೆಚ್ಚಿದ್ದರೆ ಹೃದಯ ಲಯ ತಪ್ಪಿ ಕಂಪಿಸಿ ನಿಂತುಹೋಗುತ್ತದೆ. ಅಡ್ರಿನಲಿನ್ ಎಂದರೆ ಭಯವಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿ ರಕ್ತಕ್ಕೆ ಬಿಡುವ ರಸ. ಹೆದರಿದ ರೋಗಿಗೆ ಅರೆಬರೆ ಅರಿವಳಿಕೆ ಕೊಡುವುದು ಎಷ್ಟು ಅಪಾಯ ಎಂಬುದು ಆಗ ಅರ್ಥವಾಯಿತು. ಇಂದು ಕ್ಲೋರೋಫಾರ್ಮ್ ಇಲ್ಲ, ಇಂದಿನ ಔಷಧಿಗಳು ಎಷ್ಟೋ ಸುರಕ್ಷಿತ. ಆದರೂ ಹೆದರಿದ ಮೈಯಲ್ಲಿ ರಕ್ತದೊತ್ತಡ ಏರುತ್ತದೆ, ಹೃದಯ ಓಡುತ್ತದೆ, ಮಿದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ನರಗಳು ಜಂಕ್ಷನ್ನಿನ ಕಾವಲನ್ನು ಸಡಿಲ ಮಾಡುತ್ತವೆ. ಹೆಚ್ಚು ಅಂಜಿದವರಿಗೆ ಆಪರೇಷನ್ನಿನ ನಂತರ ನೋವೂ ಹೆಚ್ಚು.

ದೊಡ್ಡ ಆಸೆ, ಸಣ್ಣ ಫಲ

ಹೊಲಿಗೆ ಹಾಕಿದ ಜಾಗ ನೋಯುವುದು ಸಹಜ. ಅದರ ಸುತ್ತಲಿನ, ಚಾಕು ತಾಕದ ಚರ್ಮ ಯಾಕೆ ನೋಯುತ್ತದೆ? 1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ ಇದಕ್ಕೆ ಉತ್ತರ ಕೊಟ್ಟರು: ಗಾಯದಿಂದ ಸತತ ಸಂದೇಶ ಬಂದಾಗ ಬೆನ್ನುಹುರಿಯೇ ಕೆರಳಿ ನಿಲ್ಲುತ್ತದೆ. ಹಾಗಾದರೆ ಚಾಕು ಇಡುವ ಮೊದಲೇ ಜಂಕ್ಷನ್ನನ್ನು ಶಾಂತ ಮಾಡಿಟ್ಟರೆ? ಈ ಯೋಚನೆಯಿಂದಲೇ ಕಾಲುರಿಯ ಗುಳಿಗೆ ಆಪರೇಷನ್ ವಾರ್ಡಿಗೆ ಬಂದದ್ದು. 2002ರಲ್ಲಿ ಡೆನ್ಮಾರ್ಕಿನ ವೈದ್ಯರು ಸ್ತನದ ಆಪರೇಷನ್ನಿಗೆ ಒಂದು ಗಂಟೆ ಮೊದಲು 1200 ಮಿಲಿಗ್ರಾಂ ಗ್ಯಾಬಪೆಂಟಿನ್ ಕೊಟ್ಟಾಗ ಮಾರ್ಫಿನ್ನಿನ ಅಗತ್ಯ ಸುಮಾರು ಅರ್ಧಕ್ಕೆ ಇಳಿಯಿತು. 2004ರಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು ಪಿತ್ತಕೋಶ ತೆಗೆಸಿಕೊಂಡ 459 ಮಂದಿಯಲ್ಲಿ 300 ಮಿಲಿಗ್ರಾಮಿಗೇ ಒಳ್ಳೆಯ ಫಲ ಕಂಡರು. ಗುಳಿಗೆ ಊರೂರಿಗೆ ಹರಡಿತು.

ನಡುವೆ ಒಂದು ದೊಡ್ಡ ಮೋಸವೂ ಬಯಲಾಯಿತು. ಆಪರೇಷನ್ ನೋವಿನ ಬಗ್ಗೆ ಹೆಸರು ಮಾಡಿದ್ದ ಅಮೆರಿಕದ ಸ್ಕಾಟ್ ರೂಬೆನ್, ಪ್ರೆಗಬಾಲಿನ್ ಕುರಿತದ್ದೂ ಸೇರಿ ಅನೇಕ ಅಧ್ಯಯನಗಳನ್ನು ಕಲ್ಪಿಸಿ ಬರೆದಿದ್ದ ಎಂದು 2009ರಲ್ಲಿ ಗೊತ್ತಾಗಿ, ಮರುವರ್ಷ ಆತ ಜೈಲಿಗೆ ಹೋದ. ಆ ಅಧ್ಯಯನಗಳನ್ನು ಓದಿದ್ದ ಎಷ್ಟೋ ಪ್ರಾಮಾಣಿಕ ವೈದ್ಯರು ಎಲ್ಲವನ್ನೂ ಮತ್ತೆ ಒರೆಗೆ ಹಚ್ಚಬೇಕಾಯಿತು.

2020ರಲ್ಲಿ ಆ ಒರೆಗಲ್ಲು ಸಿಕ್ಕಿತು. 281 ಪ್ರಯೋಗಗಳು, 24,682 ರೋಗಿಗಳು, ಎಲ್ಲರ ಲೆಕ್ಕ ಒಟ್ಟಿಗೆ. ಗುಳಿಗೆ ತಗೊಂಡವರಿಗೂ ತಗೊಳ್ಳದವರಿಗೂ 24 ಗಂಟೆಯ ಹೊತ್ತಿಗೆ ನೋವಿನ ಅಂತರ, ನೂರರ ಅಳತೆಯಲ್ಲಿ ಸುಮಾರು 7. ರೋಗಿಗೆ ಹೌದು ಎನಿಸುವಷ್ಟು ದೊಡ್ಡ ಅಂತರವಲ್ಲ ಅದು. ವಾಂತಿ ಸ್ವಲ್ಪ ಕಡಿಮೆ, ತಲೆಸುತ್ತು ಮತ್ತು ಕಣ್ಣು ಮಂಜಾಗುವುದು ಹೆಚ್ಚು. ಎಲ್ಲರಿಗೂ ಮಾಮೂಲಾಗಿ ಕೊಡುವುದಕ್ಕೆ ಆಧಾರವಿಲ್ಲ ಎಂದು ಅಧ್ಯಯನಕಾರರು ತೀರ್ಮಾನಿಸಿದರು.

ಬಾಗಿಲಿನ ಲೆಕ್ಕ ನೆನೆದರೆ ಇದು ಆಶ್ಚರ್ಯವಲ್ಲ. ಹರ್ನಿಯಾ, ಪಿತ್ತಕೋಶದಂಥ ಆಪರೇಷನ್ನಿನಲ್ಲಿ ನೋವಿನ ಹೆಚ್ಚು ಪಾಲು ಕೊಯ್ದ ಮಾಂಸದ್ದು, ಬಾವಿನದ್ದು. ಅದು ಮೊದಲಿನ ಬಾಗಿಲುಗಳಿಂದಲೇ ದಾಟುವ ನೋವು. ಅದಕ್ಕೆ ಪ್ಯಾರಸಿಟಮಾಲ್, ಬಾವಿನ ಔಷಧಿ, ಬೇಕಾದಾಗ ಮಾರ್ಫಿನ್ ಬಗೆಯ ಔಷಧಿ, ನರದ ಸುತ್ತ ಕೊಡುವ ಸೂಜಿಮದ್ದು ಇವೆ. ಮೊದಲೇ ನರ ಜಜ್ಜಿ ಕಾಲು ಸೆಳೆಯುತ್ತಿದ್ದ ಬೆನ್ನಿನ ರೋಗಿ, ಗ್ಯಾಂಗ್ರೀನ್ ಆಗಿ ಕಾಲು ಕತ್ತರಿಸಬೇಕಾದ ಸಕ್ಕರೆ ಕಾಯಿಲೆಯವರು, ಇಂಥವರ ವಿಚಾರ ಬೇರೆ. ಅವರ ನೋವಿನಲ್ಲಿ ನರದ ಪಾಲು ದೊಡ್ಡದು. ನನ್ನ ಅಭಿಪ್ರಾಯ ಇಷ್ಟು: ಇದು ಆರಿಸಿ ಕೊಡಬೇಕಾದ ಗುಳಿಗೆ, ಆಪರೇಷನ್ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಬರೆಯುವ ಗುಳಿಗೆಯಲ್ಲ.

ಕಲ್ಲುದೂಳಿನ ಎದೆ

2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎರಡೂ ಔಷಧಿಗಳ ಮೇಲೆ ಎಚ್ಚರಿಕೆ ಹೊರಡಿಸಿತು. ವಯಸ್ಸಾದವರಲ್ಲಿ, ಶ್ವಾಸಕೋಶ ಮೊದಲೇ ಹದಗೆಟ್ಟವರಲ್ಲಿ, ಮಾರ್ಫಿನ್ ಬಗೆಯ ನೋವಿನ ಔಷಧಿ ಅಥವಾ ನಿದ್ದೆಯ ಔಷಧಿ ಜೊತೆಗೆ ತಗೊಂಡವರಲ್ಲಿ, ಉಸಿರಾಟ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಪರೇಷನ್ನಿನ ನಂತರ ನಮ್ಮ ಆಸ್ಪತ್ರೆಗಳಲ್ಲಿ ಧಾರಾಳವಾಗಿ ಕೊಡುವ ಟ್ರಮಡಾಲ್ ಮಾರ್ಫಿನ್ ಬಗೆಯದೇ. ಹಿಂದಿನ ರಾತ್ರಿ ನಿದ್ದೆಗೆಂದು ಕೊಡುವ ಆಲ್‌ಪ್ರಜೊಲಾಮ್ ನಿದ್ದೆಯ ಬಗೆಯದು.

ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಫರ್ಸಿ ಕೊಯ್ಯುವ, ಪಾಲಿಶ್ ಮಾಡುವ ಯಂತ್ರದ ಮುಂದೆ ಜೀವಮಾನ ಕಳೆದವರ ಎದೆಯನ್ನು ನೆನೆದರೆ ಈ ಎಚ್ಚರಿಕೆ ನಮಗೇ ಬರೆದಂತಿದೆ. ಕೆಮ್ಮು, ದಮ್ಮು ಇರುವವರು ‘ಇದು ಇದ್ದದ್ದೇ’ ಎಂದು ವೈದ್ಯರಿಗೆ ಹೇಳುವುದನ್ನೇ ಬಿಡುತ್ತಾರೆ. ಹೇಳಲೇಬೇಕು. ಮೂತ್ರಪಿಂಡದ ಮಾತೂ ಹಾಗೇ. ಪ್ರೆಗಬಾಲಿನ್ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಹೋಗುವ ಔಷಧಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಲ್ಲಿ ಅದು ಮೈಯಲ್ಲೇ ಉಳಿದು ಮಂಪರು ಹೆಚ್ಚಿಸುತ್ತದೆ. ಅವರಿಗೆ ಪ್ರಮಾಣ ಇಳಿಸಲೇಬೇಕು.

ಚಿಂಚೋಳಿ, ಸೇಡಂ ಗಡಿಯವರಿಗೆ ಇನ್ನೊಂದು ಮಾತು. ಗಡಿಯಾಚೆಯ ತೆಲಂಗಾಣದಲ್ಲಿ ಶೇಂದಿಗೆ ಆಲ್‌ಪ್ರಜೊಲಾಮ್, ಡಯಾಜಿಪಾಮ್, ಕ್ಲೋರಲ್ ಹೈಡ್ರೇಟ್ ಬೆರೆಸಿದ ಪ್ರಕರಣಗಳು ಮತ್ತೆ ಮತ್ತೆ ಸಿಕ್ಕಿವೆ. ಅಂಥ ಶೇಂದಿ ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಎರಡು ದಿನ ಕುಡಿಯದಿದ್ದರೆ ಮೈನಡುಕ, ಭ್ರಮೆ, ಫಿಟ್ಸ್ ಬರಬಹುದು. ನಾಚಿಕೆ ಬಿಟ್ಟು ಹೇಳಿದರೆ ವೈದ್ಯರು ಮೊದಲೇ ತಯಾರಾಗಿರುತ್ತಾರೆ.

ಐದು ನಿಮಿಷದ ಮಾತು

ಭಯ ತಗ್ಗಿಸಲು ಗುಳಿಗೆಯೊಂದೇ ದಾರಿಯಲ್ಲ. ಅಮೆರಿಕದಲ್ಲಿ ಲಾರೆನ್ಸ್ ಎಗ್ಬರ್ಟ್ ಮತ್ತು ಜೊತೆಗಾರರು 1963ರಲ್ಲಿ ಒಂದು ಸರಳ ವಿಷಯ ಪರೀಕ್ಷಿಸಿದರು. ಕೆಲವರಿಗೆ ಆಪರೇಷನ್ನಿಗೆ ಮೊದಲು ನಿದ್ದೆಯ ಔಷಧಿ ಕೊಟ್ಟರು. ಕೆಲವರ ಹತ್ತಿರ ಅರಿವಳಿಕೆ ವೈದ್ಯರು ಹಿಂದಿನ ದಿನ ಕೂತು ನಾಳೆ ಏನಾಗುತ್ತದೆ ಎಂದು ವಿವರಿಸಿದರು. ಔಷಧಿಯವರಿಗೆ ಮಂಪರು ಬಂತು, ಮಾತಿನವರಿಗೆ ನೆಮ್ಮದಿ ಬಂತು. ಮರುವರ್ಷ ಹೊಟ್ಟೆಯ ಆಪರೇಷನ್ ಆದ 97 ಮಂದಿಯಲ್ಲಿ ನೋಡಿದರು. ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಹೊರಳುವಾಗ ಮೈ ಹೇಗೆ ಸಡಿಲ ಬಿಡಬೇಕು ಎಂದು ಮೊದಲೇ ಹೇಳಿಸಿಕೊಂಡವರಿಗೆ ನೋವಿನ ಔಷಧಿ ಅರ್ಧದಷ್ಟು ಸಾಕಾಯಿತು.

ಈ ತಾಲ್ಲೂಕುಗಳಲ್ಲಿ ಆ ಮಾತು ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ, ತಾಂಡಾದವರಿಗೆ ಲಂಬಾಣಿಯಲ್ಲಿ ಆಗಬೇಕು. ಕೇಸ್ ಶೀಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಮಾತು ಆಡಿದಂತಾಗುವುದಿಲ್ಲ. ವೈದ್ಯರಿಗೆ ಕೆಲಸದ ಒತ್ತಡ ಇದೆ, ನಿಜ. ಐದು ನಿಮಿಷದ ಮಾತಿನಿಂದ ಉಸಿರಾಟಕ್ಕೆ, ಮೂತ್ರಪಿಂಡಕ್ಕೆ ಯಾವ ಅಪಾಯವೂ ಇಲ್ಲ ಎಂಬುದೂ ಅಷ್ಟೇ ನಿಜ.

ಆಪರೇಷನ್ನಿಗೆ ಹೋಗುವವರಲ್ಲಿ ನನ್ನ ಕೋರಿಕೆ ಇದು. ನರದ ಗುಳಿಗೆ ಮೊದಲಿನಿಂದ ತಗೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ನಿದ್ದೆಗೆಡುವುದು, ಬೆವರು, ಚಡಪಡಿಕೆ ಶುರುವಾಗುತ್ತವೆ, ಮೂರ್ಛೆರೋಗದವರಿಗೆ ಫಿಟ್ಸ್ ಬರಬಹುದು. ನೀವು ನುಂಗುವ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ವೈದ್ಯರ ಕೈಗೇ ಕೊಡಿ. ದಮ್ಮು, ಸಕ್ಕರೆ, ಮೂತ್ರಪಿಂಡ, ಕುಡಿತ, ಯಾವುದನ್ನೂ ಮುಚ್ಚಿಡಬೇಡಿ. ಆಪರೇಷನ್ ಮುಗಿದ ಮೊದಲ ರಾತ್ರಿ ರೋಗಿ ತೀರಾ ಮಂಪರಿನಲ್ಲಿದ್ದು ಉಸಿರು ನಿಧಾನವಾದರೆ “ಚಲೋ ನಿದ್ದಿ ಹತ್ಯದ” ಎಂದು ಬಿಡದೆ ನರ್ಸನ್ನು ಕೂಗಿ. ಒಳ್ಳೆಯದಾಗಿ ಮನೆಗೆ ಬಂದ ಮೇಲೆ ಚೀಟಿಯಲ್ಲಿ ನರದ ಗುಳಿಗೆ ಉಳಿದಿದ್ದರೆ, ಎಷ್ಟು ದಿನ ತಗೊಳ್ಳಬೇಕು, ಹೇಗೆ ಬಿಡಬೇಕು ಎಂದು ಕೇಳಿ ಬರೆಸಿಕೊಳ್ಳಿ.